ಕುಲುಕಿದರೆ ಇನ್ನೂ ಹಿಡಿಯುತ್ತೆ

ಶುಭಾಳಿಗೆ ಡ್ರೈವಿಂಗ್ ಲೈಸೆನ್ಸ್ ಬಂದು ವರ್ಷವಾಗುತ್ತ ಬಂದಿತ್ತು. ಕಾರಿನ ಕೀ ಮಾತ್ರ ಇನ್ನೂ ಬಂದಿರಲಿಲ್ಲ.

ಲೈಸೆನ್ಸ್ ಏನು ಸುಮ್ಮನೆ ಮನೆ ಬಾಗಿಲಿಗೆ ಬಂದದ್ದಲ್ಲ. ಬನಶಂಕರಿಯಲ್ಲಿ ಹೆಂಗಸರಿಗೆ ಕಾರು ಕಲಿಸುವ ಮುನಿಯಕ್ಕ ಎಂಬ ಗಟ್ಟಿಗಿತ್ತಿಯ ಪಕ್ಕದಲ್ಲಿ ಕೂತು, "ಆಂಟೀ, ಕ್ಲಚ್ಚು! ಅದು ಬ್ರೇಕು! ಅಯ್ಯೋ ಅದು ಹಾರ್ನು!" ಎಂದು ಇಡೀ ಬೀದಿಗೆ ಕೇಳುವಂತೆ ಬೈಸಿಕೊಂಡು, ಐವತ್ತೈದರ ವಯಸ್ಸಿನಲ್ಲಿ ರಿವರ್ಸ್‌ನಲ್ಲಿ ಎಂಟು ಬರೆದು ಸಂಪಾದಿಸಿದ ಲೈಸೆನ್ಸ್ ಅದು. ಕೊನೆಯ ದಿನ ಮುನಿಯಕ್ಕನೇ ಬೆನ್ನು ತಟ್ಟಿ, "ನೀವು ಓಡಿಸ್ತೀರ ಆಂಟಿ, ನಿಮ್ಮಲ್ಲಿ ಕೋಪ ಇದೆ, ಸಾಕು" ಎಂದಿದ್ದಳು. ಶುಭಾ ಆ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡಿದ್ದಳು. ತರಕಾರಿ ಅಂಗಡಿಯಲ್ಲಿ ಚಿಲ್ಲರೆ ಹುಡುಕುವ ನೆಪದಲ್ಲಿ ಆಗಾಗ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದಳು.

ಕೀ ಇರುತ್ತಿದ್ದದ್ದು ಗಂಡ ವಸಿಷ್ಠರ ಸೊಂಟದಲ್ಲಿ. (ಇದು ಅಲಂಕಾರದ ಮಾತಲ್ಲ. ವಿಮಾ ಕಚೇರಿಯಿಂದ ನಿವೃತ್ತರಾದ ಮರುದಿನದಿಂದ ಅವರು ಪ್ಯಾಂಟಿಗೆ ತಿಲಾಂಜಲಿಯಿತ್ತು ಪಂಚೆಗೆ ಬಂದಿದ್ದರು. ಪಂಚೆಗೆ ಜೇಬಿಲ್ಲವಾದ್ದರಿಂದ ಕೀಯನ್ನು ಸೊಂಟದ ಮಡಿಕೆಗೆ ಸಿಕ್ಕಿಸಿ ಮೇಲೆ ಎರಡು ಸುತ್ತು ಸುತ್ತಿರುತ್ತಿದ್ದರು. ಸ್ನಾನಕ್ಕೆ ಹೋದಾಗ ಅದು ಗೀಸರ್ ಮೇಲೆ, ಮಲಗಿದಾಗ ದಿಂಬಿನ ಕೆಳಗೆ.) ಶುಭಾ ಕೀ ಕೇಳಿದಾಗಲೆಲ್ಲ ಪ್ರಕೃತಿಯೇ ಅಡ್ಡ ಬರುತ್ತಿತ್ತು. ಮಳೆ ಬಂದಿದ್ದರೆ, "ರಸ್ತೆ ಜಾರುತ್ತೆ ಕಣೇ." ಬಿಸಿಲಿದ್ದರೆ, "ಟೈರ್ ಕಾದಿರುತ್ತೆ." ಎರಡೂ ಇಲ್ಲದಿದ್ದರೆ, "ಇವತ್ತು ಅಮಾವಾಸ್ಯೆ." ಮರುದಿನ ಕೇಳಿದರೆ, "ಇವತ್ತು ಪಾಡ್ಯ."

ಹುಳಿಮಾವಿನಲ್ಲಿ ಶುಭಾಳ ತಂಗಿ ವತ್ಸಲಾ ಹೊಸ ಫ್ಲಾಟ್ ಕೊಂಡು ಗೃಹಪ್ರವೇಶ ಇಟ್ಟುಕೊಂಡಿದ್ದಳು. ಹೊಸ ಒಲೆಯ ಮೇಲೆ ಹಾಲುಕ್ಕಿಸುವುದು ಅಕ್ಕನೇ ಆಗಬೇಕೆಂದು ಹಟ ಹಿಡಿದಿದ್ದಳು. ತಂಗಿಯ ಮನೆ ಬಾಗಿಲಿಗೆ ತಾನೇ ಕಾರು ಓಡಿಸಿಕೊಂಡು ಹೋಗಿ, ಇಳಿದು, ಬಾಗಿಲನ್ನು ಹಿಂದೆ ನೋಡದೆ ಟಪ್ಪನೆ ಹಾಕಬೇಕು ಎಂದು ಶುಭಾ ತಿಂಗಳಿನಿಂದ ಮನಸ್ಸಿನಲ್ಲೇ ತಾಲೀಮು ಮಾಡಿದ್ದಳು. ಆ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಗಂಡನ ಮುಂದೆ ಕೈ ಚಾಚಿದಳು.

"ಏನು?" ಎಂದರು ವಸಿಷ್ಠರು.

"ಕೀ."

"ಇವತ್ತಾ? ಮುಹೂರ್ತದ ದಿನ ಎಕ್ಸ್‌ಪೆರಿಮೆಂಟ್ ಬೇಡ."

"ಮಳೆ ಇಲ್ಲ, ಬಿಸಿಲಿಲ್ಲ. ಪಂಚಾಂಗ ನೋಡಿ ಇಟ್ಟಿರೋ ದಿನ. ಇದಕ್ಕಿಂತ ಒಳ್ಳೇ ದಿನ ಬೇಕಾ?"

"ದಿನ ಒಳ್ಳೇದು ಕಣೇ. ಬನ್ನೇರುಘಟ್ಟ ರೋಡು ಒಳ್ಳೇದಲ್ಲ."

ಅಷ್ಟರಲ್ಲಿ ಅತ್ತೆ ಸೀತಾಲಕ್ಷ್ಮಮ್ಮನವರು ಒಳಗಿನಿಂದ, "ನೀರಿನ ಕ್ಯಾನ್ ಇಟ್ಕೊಂಡ್ರೇನೋ?" ಎಂದು ಕೂಗಿದರು. ಮಾತು ಅಲ್ಲಿಗೆ ಮುರಿಯಿತು.

ಈ ನೀರಿನ ಕ್ಯಾನಿನ ವಿಷಯ ಹೇಳಲೇಬೇಕು. ಜಯನಗರದವರಿಗೆ ದೇವರು ಕೊಟ್ಟಿರುವ ಸಂಪತ್ತು ಎರಡು, ಒಂದು ಮರದ ನೆರಳು, ಇನ್ನೊಂದು ಕಾವೇರಿ ನೀರು. ಹುಳಿಮಾವಿನ ಫ್ಲಾಟಿಗೆ ಬರುವುದು ಟ್ಯಾಂಕರ್ ನೀರು ಎಂದು ತಿಳಿದ ದಿನವೇ ಸೀತಾಲಕ್ಷ್ಮಮ್ಮನವರು, "ಆ ನೀರಲ್ಲಿ ಮಾಡಿದ ಕಾಫಿ ನನ್ನ ಗಂಟಲಲ್ಲಿ ಇಳಿಯಲ್ಲ" ಎಂದು ಘೋಷಿಸಿದ್ದರು. ಆದ್ದರಿಂದ ಮನೆಯಲ್ಲಿದ್ದ ದೊಡ್ಡ ಕ್ಯಾನಿನ ತುಂಬ ಕಾವೇರಿ ತುಂಬಿ, ಗೃಹಪ್ರವೇಶಕ್ಕೆ ಬರುವ ಹಿರಿಯರಿಗೆಲ್ಲ ಅದರಲ್ಲೇ ಕಾಫಿ ಎಂದು ತೀರ್ಮಾನವಾಗಿತ್ತು. ವತ್ಸಲಾ ನೆಂಟರಿಗೆಲ್ಲ ಫೋನಿನಲ್ಲಿ ಅದನ್ನೂ ಹೇಳಿಬಿಟ್ಟಿದ್ದಳು. ಹಿಂದಿನ ಸೀಟಿನಲ್ಲಿ ಒಂದು ಕಡೆ ಅತ್ತೆ, ಇನ್ನೊಂದು ಕಡೆ ಸೀಟ್ ಬೆಲ್ಟ್ ಹಾಕಿಕೊಂಡ ಕ್ಯಾನ್ ಕೂತರು. ಶುಭಾ ಮುಂದಿನ ಎಡಗಡೆ ಸೀಟಿನಲ್ಲಿ, ಕಾರು ಕೊಂಡ ದಿನದಿಂದ ಕೂತ ಜಾಗದಲ್ಲೇ, ಹಿತ್ತಾಳೆ ಹಾಲಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮುಖ ಆ ಪಾತ್ರೆಗಿಂತ ಬಿಗಿಯಾಗಿತ್ತು.

ಜೆ.ಪಿ. ನಗರ ದಾಟುವಾಗ ವಸಿಷ್ಠರು ಪೆಟ್ರೋಲ್ ಬಂಕಿನತ್ತ ತಿರುಗಿಸಿದರು.

"ಈಗ ಪೆಟ್ರೋಲಾ? ಮುಹೂರ್ತಕ್ಕೆ ಲೇಟಾಗುತ್ತೆ. ಅರ್ಧ ಟ್ಯಾಂಕ್ ಇದೆಯಲ್ಲ!" ಎಂದಳು ಶುಭಾ.

"ಶುಭಕಾರ್ಯಕ್ಕೆ ಅರ್ಧ ಟ್ಯಾಂಕ್‌ನಲ್ಲಿ ಹೋಗ್ತಾರೇನೇ?"

ಇಲ್ಲಿ ವಸಿಷ್ಠರ ಪೆಟ್ರೋಲ್ ಸಿದ್ಧಾಂತವನ್ನು ಅರಿಯದೆ ಮುಂದೆ ಹೋಗುವಂತಿಲ್ಲ. ಬಂಕಿನ ಪೈಪು ಟ್ಯಾಂಕ್ ತುಂಬಿದೊಡನೆ ಟಕ್ ಎಂದು ತಾನಾಗಿ ನಿಲ್ಲುತ್ತದಲ್ಲ, ಅದನ್ನು ಲೋಕವೆಲ್ಲ 'ತುಂಬಿತು' ಎಂದು ತಿಳಿಯುತ್ತದೆ. ವಸಿಷ್ಠರು ಮಾತ್ರ ಅದನ್ನು ಒಂದು ಅಭಿಪ್ರಾಯ ಎಂದು ತಿಳಿಯುತ್ತಿದ್ದರು. ಅವರ ಪ್ರಕಾರ ಟ್ಯಾಂಕಿನ ಮೂಲೆಮೂಲೆಗಳಲ್ಲಿ ಗಾಳಿ ಅಡಗಿ ಕೂತಿರುತ್ತದೆ. ಗಾಡಿಯನ್ನು ಕುಲುಕಿದರೆ ಗಾಳಿ ಎದ್ದು ಹೋಗಿ, ಆ ಜಾಗಕ್ಕೆ ಇನ್ನಷ್ಟು ಪೆಟ್ರೋಲ್ ಬಂದು ಕೂರುತ್ತದೆ. ಸ್ಕೂಟರ್ ಕಾಲದಲ್ಲಿ ಅವರು ಗಾಡಿಯನ್ನು ತೊಟ್ಟಿಲು ತೂಗಿದಂತೆ ಅತ್ತಿತ್ತ ವಾಲಿಸಿ ತುಂಬಿಸುತ್ತಿದ್ದರು. ಕಾರು ಬಂದ ಮೇಲೆ ಒಬ್ಬರಿಂದ ಆಗದ ಕೆಲಸವಾದ್ದರಿಂದ ಇಡೀ ಕುಟುಂಬಕ್ಕೆ ತರಬೇತಿ ಕೊಟ್ಟಿದ್ದರು. ಸೀತಾಲಕ್ಷ್ಮಮ್ಮನವರಿಗೆ ಇದರಲ್ಲಿ ಪೂರ್ತಿ ನಂಬಿಕೆ. "ನಾವು ರಾಗಿ ಅಳೆಯೋವಾಗ ಸೇರು ಕುಕ್ತಿರ್ಲಿಲ್ವಾ, ಹಾಗೇ ಇದು" ಎಂದು ಅವರು ಮಗನ ಸಿದ್ಧಾಂತಕ್ಕೆ ಶಾಸ್ತ್ರಾಧಾರ ಒದಗಿಸಿದ್ದರು. (ರಾಗಿ ಚೆಲ್ಲಿದರೆ ಗುಡಿಸಬಹುದು ಎಂಬ ಅಂಶ ಯಾರಿಗೂ ಹೊಳೆದಿರಲಿಲ್ಲ.)

ಬಂಕಿನಲ್ಲಿದ್ದವನು ಹನಮಂತ, ಹೆಸರು ಎದೆಯ ಮೇಲಿನ ಬಿಲ್ಲೆಯಲ್ಲೇ ಇತ್ತು. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಉತ್ತರ ಕರ್ನಾಟಕದ ಕಡೆಯ ಆಳು, ಮೀಸೆ ದಪ್ಪ, ಮೈ ಸಪೂರ.

"ಝೀರೋ ನೋಡ್ರಿ ಸರ" ಎಂದ.

ವಸಿಷ್ಠರು ಎಂಜಿನ್ ಆರಿಸಿ, ಕೀಯನ್ನು ಸೊಂಟಕ್ಕೆ ಸೇರಿಸಿ, ಇಳಿದು ಬಂದು, ಸೊನ್ನೆಯನ್ನು ಕನ್ನಡಕ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ನೋಡಿದರು. ಪೆಟ್ರೋಲ್ ಹರಿಯಿತು. ಟಕ್.

"ಆತ್ರಿ ಸರ."

"ಆಗಿಲ್ಲ. ಇರಪ್ಪ. ಶುಭಾ, ಇಳಿ. ಅಮ್ಮ, ರೆಡಿ?"

"ಸರ, ಟಕ್ ಅಂದ ಮ್ಯಾಲ ಹಾಕಬಾರ್ದ್ರಿ. ಬೋರ್ಡ್ ಐತ್ ನೋಡ್ರಿ."

"ಬೋರ್ಡ್ ನಿಮಗೆ. ಕಾರು ನಂದು. ನಿಧಾನಕ್ಕೆ ಹಾಕ್ತಾ ಇರು, ಕುಲುಕಿದರೆ ಇನ್ನೂ ಹಿಡಿಯುತ್ತೆ."

ಹಿಂದೆ ನಾಲ್ಕಾರು ಗಾಡಿಗಳು ಆಗಲೇ ಹಾರ್ನ್ ಶುರು ಮಾಡಿದ್ದವು. ವಾದ ಮಾಡಿದರೆ ಇನ್ನೂ ತಡ ಎಂದುಕೊಂಡು ಹನಮಂತ ನಿಟ್ಟುಸಿರು ಬಿಟ್ಟು ಪೈಪನ್ನು ಹಿಡಿದ. ಸೀತಾಲಕ್ಷ್ಮಮ್ಮನವರು ಹಿಂದಿನ ಸೀಟಿನಲ್ಲಿ, "ಹೂಂ, ಹೂಂ" ಎನ್ನುತ್ತ ಕೂತಲ್ಲೇ ಕುಪ್ಪಳಿಸತೊಡಗಿದರು. ಪಕ್ಕದಲ್ಲಿ ಕ್ಯಾನೂ ಕುಪ್ಪಳಿಸಿತು. ಶುಭಾ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಕಾರಿನ ಆಚೆ ಬದಿಯಲ್ಲಿ ನಿಂತು, ಮೇಲ್ಛಾವಣಿಯ ಅಂಚು ಹಿಡಿದಳು. ವಸಿಷ್ಠರು ಈಚೆ ಬದಿಯಲ್ಲಿ ಟ್ಯಾಂಕಿನ ಬಾಯಿಗೆ ಮುಖ ಕೊಟ್ಟು, ಬಾವಿ ಇಣುಕಿದಂತೆ ಇಣುಕುತ್ತ, "ತಳ್ಳು... ಬಿಡು... ತಳ್ಳು... ಬಿಡು" ಎಂದು ತಾಳ ಹಾಕಿದರು.

ಶುಭಾ ತಳ್ಳಿದಳು. ಮೊದಲು ನಿತ್ಯದಂತೆ ತಳ್ಳಿದಳು. ಆಮೇಲೆ ಬೆಳಗಿನ 'ಎಕ್ಸ್‌ಪೆರಿಮೆಂಟ್ ಬೇಡ' ನೆನಪಾಗಿ ಸ್ವಲ್ಪ ಜೋರಾಗಿ ತಳ್ಳಿದಳು. ಆಮೇಲೆ ಅಮಾವಾಸ್ಯೆ ನೆನಪಾಯಿತು. ಅದರ ಹಿಂದೆ ಪಾಡ್ಯ ನೆನಪಾಯಿತು. ವರ್ಷವಿಡೀ ಕಾಯಿಸಿದ ಕೀಯ ನೆನಪೆಲ್ಲ ಎರಡು ಕೈಗೆ ಬಂದು, ಅವಳು ಹಲ್ಲು ಕಚ್ಚಿ ಕೊಟ್ಟ ಒಂದೇ ಒಂದು ನೂಕಿಗೆ ಕಾರು ವಸಿಷ್ಠರ ಕಡೆ ವಾಲಿತು. ಒಳಗೆ ಅತ್ತೆಯೂ ಕಾವೇರಿಯೂ ಆ ಕಡೆಗೇ ಜಾರಿದರು.

'ಬುಳಕ್' ಎಂದಿತು.

ಕಂಠದವರೆಗೆ ಬಂದಿದ್ದ ಪೆಟ್ರೋಲ್ ಹೊರಗೆ ನೆಗೆದು, ಮೊದಲು ವಸಿಷ್ಠರ ಅಂಗಿಯ ಮೇಲೆ, ಅಲ್ಲಿಂದ ಜರಿ ಪಂಚೆಯ ಮೇಲೆ, ಅಲ್ಲಿಂದ ಚಪ್ಪಲಿಗೆ ಇಳಿಯಿತು. ಉಳಿದದ್ದು ಅವರು ಹದಿನೈದು ದಿನದ ಹಿಂದೆ ಪಾಲಿಶ್ ಮಾಡಿಸಿದ್ದ ಬಿಳಿ ಕಾರಿನ ಮೈಮೇಲೆ, ಟ್ಯಾಂಕಿನ ಬಾಯಿಂದ ಚಕ್ರದವರೆಗೆ ಧಾರಾಕಾರವಾಗಿ ಹರಿಯಿತು. ಮುಖಕ್ಕೆ ಕನ್ನಡಕ ಇದ್ದದ್ದು ಪುಣ್ಯ.

"ಅಯ್ಯೋ ನನ್ನ ಪೇಂಟು!" ಎಂದು ಕೂಗಿದರು ವಸಿಷ್ಠರು. ಹೆಗಲ ಮೇಲಿನ ಶಲ್ಯವನ್ನು ಎಳೆದು ಗಸಗಸ ಉಜ್ಜತೊಡಗಿದರು.

"ಉಜ್ಜಬೇಡಿ!" ಎಂದಳು ಶುಭಾ.

ಆ ದನಿ ಹೇಗಿತ್ತೆಂದರೆ, ವಸಿಷ್ಠರ ಜೊತೆಗೆ ಪಕ್ಕದ ಸಾಲಿನಲ್ಲಿ ಹೆಲ್ಮೆಟ್ ಉಜ್ಜುತ್ತಿದ್ದವನೂ ನಿಲ್ಲಿಸಿದ.

ಶುಭಾಳಿಗೆ ಪೆಟ್ರೋಲ್ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೆ ಉಕ್ಕಿದ್ದನ್ನು ನಿಭಾಯಿಸುವುದರಲ್ಲಿ ಅವಳಿಗಿದ್ದ ಅನುಭವ ಜಯನಗರದಲ್ಲಿ ಇನ್ನೊಬ್ಬರಿಗಿರಲಿಲ್ಲ. ಹಾಲಿಟ್ಟು, "ಒಂದ್ನಿಮಿಷ ನೋಡ್ಕೊಳಿ" ಎಂದು ಗಂಡನಿಗೆ ಹೇಳಿ ಹೋದ ಪ್ರತಿಯೊಂದು ಸಲವೂ ಅದು ಉಕ್ಕಿತ್ತು. ಉಕ್ಕಿದ ಹಾಲಿನ ಮುಂದೆ ಏನೇನು ಮಾಡಬೇಕೆಂದು ಅವಳ ಕೈಗೆ ತಾನಾಗಿ ಗೊತ್ತಿತ್ತು. ಮೊದಲು ಬೆಂಕಿಯ ಮಾತು ನೋಡಬೇಕು. ಒಣಬಟ್ಟೆಯಲ್ಲಿ ಉಜ್ಜಿದರೆ ಹರಡುತ್ತದೆ, ಗೀರು ಬೀಳುತ್ತದೆ, ಉಜ್ಜಬಾರದು. ತಡ ಮಾಡಿದರೆ ಕಲೆ ಕೂರುತ್ತದೆ, ತಡ ಮಾಡಬಾರದು. ನೀರು, ಸೋಪು, ಮತ್ತೆ ನೀರು. ಅವಳ ಕಣ್ಣಿಗೆ ಆ ಕ್ಷಣ ಕಾರು ಕಾಣಲೇ ಇಲ್ಲ. ಚಕ್ರ ಇರುವ ಒಂದು ದೊಡ್ಡ ಒಲೆ ಕಂಡಿತು.

"ಅತ್ತೆ, ಇಳೀರಿ. ಯಾರೂ ಫೋನ್ ತೆಗೀಬೇಡಿ. ಹನಮಂತಪ್ಪ, ನೆಲಕ್ಕೆ ಮರಳು ಹಾಕಿ."

ಹನಮಂತ ಆಗಲೇ ಬಕೆಟ್ ಎತ್ತಿದ್ದ. "ಹಾಕ್ತೀನ್ರಿ ಅಕ್ಕಾರ. ಆದ್ರ ಗಾಡಿ ಇಲ್ಲಿಂದ ತಗೀಬೇಕ್ರಿ. ಸ್ಟಾರ್ಟ್ ಮಾತ್ರ ಮಾಡಬ್ಯಾಡ್ರಿ, ತಳ್ಳಬೇಕು. ಸ್ಟೇರಿಂಗಿಗೆ ಯಾರರ ಕುಂದರ್ರಿ."

"ನಾನು ಕೂತ್ಕೋತೀನಿ" ಎಂದು ವಸಿಷ್ಠರು ಪೆಟ್ರೋಲ್ ತೊಟ್ಟಿಕ್ಕುತ್ತ ಹೊರಟರು.

"ಹಂಗ ಬ್ಯಾಡ್ರಿ ಸರ! ಮೈಯೆಲ್ಲಾ ತೊಯ್ದೈತಿ! ಅಲ್ಲೇ ನಿಂದರ್ರಿ, ಏನೂ ಮುಟ್ಟಬ್ಯಾಡ್ರಿ!"

ವಸಿಷ್ಠರು ಎರಡೂ ಕೈ ಮೇಲೆತ್ತಿ ನಿಂತರು. ದರೋಡೆಯಾದವರ ಹಾಗೆ ಕಾಣುತ್ತಿದ್ದರು. ಎಲ್ಲರೂ ಸ್ಟೇರಿಂಗ್ ಕಡೆ ನೋಡಿದರು. ಆಮೇಲೆ ಎಲ್ಲರೂ ಶುಭಾಳ ಕಡೆ ನೋಡಿದರು. ಸೀತಾಲಕ್ಷ್ಮಮ್ಮನವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಹನಮಂತ ತಳ್ಳುವುದಕ್ಕೆ ಬೇಕಾಗಿದ್ದ.

"ಸ್ಟೇರಿಂಗ್ ಲಾಕ್ ಆಗಿದೆ. ಕೀ ಬೇಕು" ಎಂದಳು ಶುಭಾ. ದನಿಯಲ್ಲಿ ಸಂತೋಷ ಕಾಣಿಸಬಾರದೆಂದು ಬಹಳ ಪ್ರಯತ್ನಪಟ್ಟಳು.

ವಸಿಷ್ಠರು ಕೈ ಮೇಲೆತ್ತಿಕೊಂಡೇ ಸೊಂಟದ ಕಡೆ ನೋಡಿಕೊಂಡರು. ಹೆಂಡತಿಯ ಕಡೆ ನೋಡಿದರು. ಹಿಂದಿನ ಸಾಲಿನ ಹಾರ್ನುಗಳು ಒಂದೇ ಶ್ರುತಿಯಲ್ಲಿ ಮೊಳಗುತ್ತಿದ್ದವು.

"ತಗೋ" ಎಂದರು ಸಣ್ಣ ದನಿಯಲ್ಲಿ.

"ಏನಂದ್ರಿ?"

"ಕೀ ತಗೋ ಅಂದೆ! ನೀನೇ ತಗೋ!"

ಹಾಗೆ, ಜೆ.ಪಿ. ನಗರದ ಸಮಸ್ತ ವಾಹನ ಸವಾರರ ಸಮ್ಮುಖದಲ್ಲಿ, ಶುಭಾ ಎರಡು ಬೆರಳಿನಿಂದ ಗಂಡನ ಪಂಚೆಯ ಮಡಿಕೆ ಬಿಡಿಸಿ ಕೀ ತೆಗೆದಳು. ಒಬ್ಬ ಸ್ಕೂಟರಿನವನು ಶಿಳ್ಳೆ ಹಾಕಿದ. ಶುಭಾಳ ಕಣ್ಣಲ್ಲಿ ನೀರು ಬಂತು. (ಪೆಟ್ರೋಲ್ ವಾಸನೆಗೆ ಎಂದು ಅವಳು ಆಮೇಲೆ ಹೇಳಿದಳು. ಯಾರೂ ನಂಬುವುದು ಬೇಡ.)

ಅವಳು ಡ್ರೈವರ್ ಸೀಟಿನಲ್ಲಿ ಕೂತಳು. ಲಾಕ್ ಬಿಡುವಷ್ಟು ಮಾತ್ರ ಕೀ ತಿರುಗಿಸಿ, ಗೇರ್ ತೆಗೆದು, ಹ್ಯಾಂಡ್ ಬ್ರೇಕ್ ಇಳಿಸಿದಳು. ಹನಮಂತ ಮತ್ತು ಶಿಳ್ಳೆ ಹಾಕಿದವನು ಸೇರಿ ತಳ್ಳಿದರು. ಕಾರು ತೇರಿನ ಗಾಂಭೀರ್ಯದಿಂದ ಹೊರಟು, ಗಾಳಿ ತುಂಬಿಸುವ ಮೂಲೆಯಲ್ಲಿ ಗೆರೆ ಎಳೆದಂತೆ ಹೋಗಿ ನಿಂತಿತು. ಅಷ್ಟು ನೇರವಾಗಿ ವಸಿಷ್ಠರು ತಮ್ಮ ಮನೆ ಗೇಟಿನೊಳಗೂ ನಿಲ್ಲಿಸಿದವರಲ್ಲ.

ಆ ಮೂಲೆಯಲ್ಲಿ 'ಗಾಳಿ, ನೀರು ಉಚಿತ' ಎಂದು ಬರೆದಿತ್ತು. ಶುಭಾ ನಲ್ಲಿ ತಿರುಗಿಸಿದಳು. ಅದರಲ್ಲೂ ಗಾಳಿಯೇ ಬಂತು.

"ಬ್ಯಾಸಗಿ ಅಲ್ರೀ ಅಕ್ಕಾರ, ಟ್ಯಾಂಕರ್ ಇನ್ನೂ ಬಂದಿಲ್ಲ" ಎಂದ ಹನಮಂತ.

ಶುಭಾ ಹಿಂದಿನ ಸೀಟಿನ ಕಡೆ ನೋಡಿದಳು. ಅಲ್ಲಿ ಸೀಟ್ ಬೆಲ್ಟ್ ಹಾಕಿಕೊಂಡು ಕಾವೇರಿ ಕೂತಿದ್ದಳು. ಸೊಸೆಯ ನೋಟ ಎಲ್ಲಿಗೆ ಹೋಯಿತೆಂದು ಅತ್ತೆ ಕೂಡಲೇ ಹಿಡಿದರು. ಓಡಿ ಬಂದು ಬಾಗಿಲಿಗೆ ಅಡ್ಡ ನಿಂತರು.

"ಬೇಡ್ವೇ ಶುಭಾ! ಕಾವೇರಿ ನೀರಲ್ಲಿ ಕಾರು ತೊಳೀತಾರೇನೇ? ಅಷ್ಟು ಜನ ಹಿರಿಯರು ಕಾಫಿಗೆ ಕಾಯ್ತಿದಾರೆ!"

"ಅತ್ತೆ, ಇದು ಒಣಗಿದ್ರೆ ಪೇಂಟ್ ಮೇಲೆ ಕಲೆ ಕೂತ್ಕೊಳುತ್ತೆ."

"ಕೂತ್ಕೊಳ್ಳಲಿ. ಬಾಟಲಿ ನೀರು ತರ್ಸು."

"ಅಷ್ಟೊತ್ತು ಇಲ್ಲ. ನಿಮ್ಮ ಮಗ ಬೇರೆ ಮೈತುಂಬ ಪೆಟ್ರೋಲ್ ಹಾಕ್ಕೊಂಡು ನಿಂತಿದಾರೆ. ಕಾಫಿ ಬೇಕಾ, ಮಗ ಬೇಕಾ?"

ಸೀತಾಲಕ್ಷ್ಮಮ್ಮನವರು ಮಗನ ಕಡೆ ನೋಡಿದರು. ಕ್ಯಾನಿನ ಕಡೆ ನೋಡಿದರು. ನಿರ್ಧಾರಕ್ಕೆ ಬರಲು ಅವರು ತೆಗೆದುಕೊಂಡ ಸಮಯ ವಸಿಷ್ಠರ ಮನಸ್ಸಿಗೆ ಬಹಳ ನೋವು ಕೊಟ್ಟಿತು.

"ತಗೊಳ್ಳೇ" ಎಂದು ಕೊನೆಗೆ ಪಕ್ಕಕ್ಕೆ ಸರಿದರು.

ಶುಭಾ ಕಾವೇರಿಯನ್ನು ಮೇಲಿನಿಂದ ಕೆಳಕ್ಕೆ ಧಾರೆಯಾಗಿ ಹರಿಸಿದಳು. ಸೋಪಿಗೇನು ಮಾಡುವುದು? "ಸೀಗೆಪುಡಿ ಹಾಕಿ ತಿಕ್ಕು, ಎಂಥಾ ಜಿಡ್ಡೂ ಹೋಗುತ್ತೆ" ಎಂದು ಅತ್ತೆ ಕಾರಿಗೆ ಅಭ್ಯಂಜನದ ವ್ಯವಸ್ಥೆ ಸೂಚಿಸಿದರು. ಸೀಗೆಪುಡಿ ತರಿತರಿ, ಗೀರು ಬೀಳುತ್ತದೆ ಎಂದು ಶುಭಾ ಅದನ್ನು ತಳ್ಳಿಹಾಕಿದಳು. ಅವಳ ಕೈಚೀಲದ ತಳದಲ್ಲಿ, ಹಿಂದೊಮ್ಮೆ ಹೋಟೆಲಿನ ಸ್ನಾನದ ಮನೆಯಿಂದ ವಸಿಷ್ಠರು 'ಇದು ಬಾಡಿಗೆಯಲ್ಲೇ ಸೇರಿರುತ್ತೆ ಕಣೇ' ಎಂದು ಎತ್ತಿಕೊಂಡು ಬಂದಿದ್ದ ಪುಟ್ಟ ಶಾಂಪೂ ಸೀಸೆಗಳು ಸಿಕ್ಕವು. ಹಾಲಿನ ಪಾತ್ರೆ ಒರೆಸಲು ತಂದಿದ್ದ ಮೆತ್ತನೆಯ ಹೊಸ ಬಟ್ಟೆಯನ್ನು ಒದ್ದೆ ಮಾಡಿ, ನೊರೆ ಬರಿಸಿ, ಮಗುವಿನ ಕೆನ್ನೆ ಒರೆಸಿದಂತೆ ಒರೆಸಿದಳು. ಮತ್ತೆ ನೀರು ಹೊಯ್ದಳು. ಟ್ಯಾಂಕಿನ ಮುಚ್ಚಳದ ಸುತ್ತ, ಚಕ್ರದ ಮೇಲೆ, ಎಲ್ಲೂ ಬಿಡಲಿಲ್ಲ. ವಾಸನೆ ಹೋಯಿತು. ಬಟ್ಟೆ ಹಿಂಡಿ ತೇವ ಒರೆಸಿ ಹಿಂದೆ ಸರಿದು ನೋಡಿದಾಗ ಆ ಭಾಗ ಪಳಪಳ ಹೊಳೆಯುತ್ತಿತ್ತು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಶಿಳ್ಳೆ ಹಾಕಿದವನು, "ಸಖತ್ ಆಂಟಿ!" ಎಂದ. ಶುಭಾಳಿಗೆ ಮದುವೆಯ ದಿನವೂ ಅಷ್ಟು ಹೆಮ್ಮೆಯಾಗಿರಲಿಲ್ಲ.

ಕಾರು ತೊಳೆದು ಉಳಿದ ನೀರು ಗಂಡನಿಗೆ. "ವಾಸನೆಗೆ ತಲೆ ತಿರುಗ್ತಿದೆ ಕಣೇ" ಎನ್ನುತ್ತಿದ್ದ ವಸಿಷ್ಠರ ಕೈಕಾಲು, ಎದೆ, ಕತ್ತು ಎಲ್ಲ ಶಾಂಪೂವಿನಲ್ಲೇ ತೊಳೆದದ್ದಾಯಿತು. ಉಡಲು ಏನು? ಹನಮಂತ ಒಳಗಿನಿಂದ ತನ್ನ ಇನ್ನೊಂದು ಜೊತೆ ಯೂನಿಫಾರ್ಮ್ ತಂದುಕೊಟ್ಟ. ವಸಿಷ್ಠರು ಕೋಣೆಯಿಂದ ಹೊರಬಂದಾಗ ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಪ್ರಾಣ ಹಿಡಿದುಕೊಂಡಿದ್ದವು, ಪ್ಯಾಂಟು ಹಿಮ್ಮಡಿಗೆ ಮೊದಲೇ ಮುಗಿದುಹೋಗಿತ್ತು. ಬೆನ್ನ ಮೇಲೆ 'ನಗುಮೊಗದ ಸೇವೆ' ಎಂದು ದೊಡ್ಡದಾಗಿ ಬರೆದಿತ್ತು. ಮುಂದಿನಿಂದ ನೋಡಿದರೆ ಹಾಗೇನೂ ಕಾಣುತ್ತಿರಲಿಲ್ಲ.

ಅದೇ ಹೊತ್ತಿಗೆ ಒಬ್ಬರು ಬೈಕ್ ತಂದು ಅವರ ಮುಂದೆ ನಿಲ್ಲಿಸಿ, "ಫುಲ್ ಮಾಡಣ್ಣ. ಕಟ್ ಆದ್ಮೇಲೂ ಒಂಚೂರು ಹಾಕು, ನಾನು ಅಲ್ಲಾಡಿಸ್ತೀನಿ" ಎಂದರು.

"ಅಲ್ಲಾಡಿಸೋ ಹಾಗಿಲ್ಲ!" ಎಂದು ವಸಿಷ್ಠರು ಕೂಗಿದ ರಭಸಕ್ಕೆ ಒಂದು ಗುಂಡಿ ಹಾರಿಹೋಯಿತು.

"ಏನ್ ಗುರು, ಪೆಟ್ರೋಲ್ ಹಾಕೋನಿಗೆ ಇಷ್ಟು ಕೋಪನಾ?" ಎಂದು ಅವರು ಪಕ್ಕದ ಸಾಲಿಗೆ ಹೋದರು.

ನೆಲ ಒಣಗಿ, ಹನಮಂತ ಎಲ್ಲ ಕಡೆ ಮೂಸಿ ನೋಡಿ, "ಈಗ ಸ್ಟಾರ್ಟ್ ಮಾಡ್ರಿ" ಎಂದ. ವಸಿಷ್ಠರು ಅಭ್ಯಾಸಬಲದಿಂದ ಡ್ರೈವರ್ ಬಾಗಿಲ ಬಳಿ ಬಂದರು. ಅಲ್ಲಿ ಶುಭಾ ಆಗಲೇ ಕೂತು, ಸೀಟ್ ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು.

"ಇನ್ನು ನಾನು ಓಡಿಸ್ತೀನಿ. ನೀನು ಈ ಕಡೆ ಬಾ."

"ಚಪ್ಪಲಿ ಎಲ್ಲಿ?"

"ಅದು ಪೆಟ್ರೋಲಲ್ಲಿ..."

"ಬರಿಗಾಲಲ್ಲಿ ಬ್ರೇಕ್ ಜಾರುತ್ತೆ. ತಲೆ ತಿರುಗ್ತಿದೆ ಅಂತ ಈಗ ತಾನೇ ಅಂದ್ರಿ. ಮುಹೂರ್ತದ ದಿನ ಎಕ್ಸ್‌ಪೆರಿಮೆಂಟ್ ಬೇಡ. ಹಿಂದೆ ಹತ್ತಿ."

ವಸಿಷ್ಠರು ತಾಯಿಯ ಕಡೆ ನೋಡಿದರು. ಸೀತಾಲಕ್ಷ್ಮಮ್ಮನವರು ಅಷ್ಟರಲ್ಲಿ ಮುಂದಿನ ಸೀಟಿಗೆ ಹತ್ತಿ ಹಾಲಿನ ಪಾತ್ರೆ ಹಿಡಿದು ಕೂತಾಗಿತ್ತು. ಖಾಲಿ ಕ್ಯಾನಿನ ಪಕ್ಕದಲ್ಲಿ ಅದರಷ್ಟೇ ಖಾಲಿಯಾಗಿ ವಸಿಷ್ಠರು ಕೂತರು.

ಆಮೇಲಿನ ದಾರಿಯನ್ನು ಶುಭಾ ಇವತ್ತಿಗೂ ಕಣ್ಣು ಮುಚ್ಚಿ ನೆನೆಯುತ್ತಾಳೆ. (ಓಡಿಸಿದ್ದು ಕಣ್ಣು ಬಿಟ್ಟುಕೊಂಡೇ.) ಮೆಟ್ರೊ ಕಂಬಗಳ ನಡುವೆ, ಬಸ್ಸಿನ ಹೊಟ್ಟೆಗೆ ಅಂಟಿಕೊಂಡು ಬರುವ ಆಟೋಗಳ ಎದುರು, ದಾರಿ ಕೇಳದೆ ನುಗ್ಗುವ ಬೈಕುಗಳ ಮಧ್ಯೆ ಕಾರು ನೀರಿನಂತೆ ಹೋಯಿತು. ಹಿಂದಿನಿಂದ, "ಬ್ರೇಕ್... ಬ್ರೇಕ್... ಲೆಫ್ಟಲ್ಲಿ ಟ್ಯಾಂಕರ್..." ಎಂಬ ಭಜನೆ ನಡೆದೇ ಇತ್ತು. ವಸಿಷ್ಠರು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲು ನೋಯಿಸಿಕೊಂಡರು. ಶುಭಾ ಒಂದು ಸಲ ಮಾತ್ರ ಕನ್ನಡಿಯಲ್ಲಿ ಅವರನ್ನು ನೋಡಿ, "ನಗುಮೊಗದ ಸೇವೆ ಸಾರ್, ಸ್ವಲ್ಪ ಸುಮ್ನಿರಿ" ಎಂದಳು. ಅತ್ತೆ ಕಿಸಕ್ಕೆಂದು ನಕ್ಕರು. ಆ ಮನೆಯಲ್ಲಿ ಅತ್ತೆ ಸೊಸೆಯ ಮಾತಿಗೆ ನಕ್ಕದ್ದು ಅದೇ ಮೊದಲು.

ಹುಳಿಮಾವಿನಲ್ಲಿ ಗೇಟಿನ ಬಳಿಯೇ ವತ್ಸಲಾ, ಅವಳ ಗಂಡ ಶಿವರಾಮ್, ಹತ್ತಾರು ನೆಂಟರು ನಿಂತಿದ್ದರು. ಮುಹೂರ್ತ ಇನ್ನೂ ಮೀರಿರಲಿಲ್ಲ. ಶುಭಾ ಕಾರನ್ನು ಎರಡು ಕಂಬಗಳ ನಡುವೆ ರಿವರ್ಸ್‌ನಲ್ಲಿ ನಿಲ್ಲಿಸಿ, ಇಳಿದು, ಬಾಗಿಲನ್ನು ಹಿಂದೆ ನೋಡದೆ ಟಪ್ಪನೆ ಹಾಕಿದಳು. ಎಲ್ಲ ತಾಲೀಮಿನಲ್ಲಿದ್ದಂತೆಯೇ ಆಯಿತು. ಆದರೆ ಯಾರೂ ಅವಳ ಕಡೆ ನೋಡುತ್ತಿರಲಿಲ್ಲ, ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದವರನ್ನು ನೋಡುತ್ತಿದ್ದರು.

"ಏನ್ ಭಾವ," ಎಂದ ಶಿವರಾಮ್, "ರಿಟೈರ್ ಆದ್ಮೇಲೆ ಕೆಲಸಕ್ಕೆ ಸೇರ್ಕೊಂಡ್ರಾ? ಹೇಳ್ಲೇ ಇಲ್ಲ!"

ಒಳಗೆ ಪುರೋಹಿತರು ಮಂತ್ರ ನಿಲ್ಲಿಸಿ ಮೂಗರಳಿಸಿದರು. "ಯಾರ್ರೀ ಅದು ಪೆಟ್ರೋಲ್ ವಾಸನೆ? ಹೋಮ ಉರೀತಾ ಇದೆ ಇಲ್ಲಿ! ದೂರ, ದೂರ!" ಹೀಗೆ ವಸಿಷ್ಠರಿಗೆ ಬಾಲ್ಕನಿಯ ಆಚೆ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಲಾಯಿತು. ಪ್ರಸಾದವನ್ನು ಅಲ್ಲಿಗೇ ಕಳಿಸಿದರು.

ಹೊಸ ಒಲೆಯ ಮೇಲೆ ಶುಭಾ ಹಾಲಿಟ್ಟಳು. ಅದು ನೊರೆಗಟ್ಟಿ, ಏರಿ, ಪಾತ್ರೆಯ ಕಂಠ ಮುಟ್ಟಿ ಬೆಳ್ಳಗೆ ಉಕ್ಕಿ ಹರಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಉಕ್ಕುವ ಮೊದಲೇ ಒಲೆ ಆರಿಸಿ ರೂಢಿಯಾದ ಕೈಯನ್ನು ಅವಳು ಸೆರಗಿನಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. "ಇದು ಇವತ್ತು ಎರಡನೇ ಸಲ ಉಕ್ಕಿದ್ದು. ಮನೆಗೂ ಒಳ್ಳೇದು, ಕಾರಿಗೂ ಒಳ್ಳೇದು" ಎಂದು ಸೀತಾಲಕ್ಷ್ಮಮ್ಮನವರು ಸಭೆಗೆ ತಿಳಿಸಿದರು. ಆಮೇಲೆ ಕಾಫಿ ಬಂತು. ಹಿರಿಯರೊಬ್ಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, "ಆಹಾ! ಏನೇ ಆಗಲಿ, ಕಾವೇರಿ ನೀರಿನ ಕಾಫೀನೇ ಕಾಫಿ" ಎಂದರು. ಸೀತಾಲಕ್ಷ್ಮಮ್ಮನವರು ಅಡುಗೆಮನೆಯ ಟ್ಯಾಂಕರ್ ನೀರಿನ ನಲ್ಲಿಯನ್ನೊಮ್ಮೆ ನೋಡಿ, ತಮ್ಮ ಲೋಟವನ್ನು ಎತ್ತಿ, ತಳದವರೆಗೂ ಕುಡಿದು, ಇನ್ನೊಂದು ಲೋಟ ಕೇಳಿದರು.

ಅಂದಿನಿಂದ ಕೀ ಶುಭಾಳದ್ದು. ಅದಕ್ಕೊಂದು ಗೆಜ್ಜೆ ಕಟ್ಟಿ ಸೆರಗಿನ ತುದಿಗೆ ಸಿಕ್ಕಿಸಿಕೊಂಡಳು. ಅತ್ತೆಯನ್ನು ಚಿಕ್ಕಲಸಂದ್ರದ ನಾದಿನಿಯ ಮನೆಗೆ, ನಾದಿನಿಯನ್ನು ದಂತವೈದ್ಯರ ಬಳಿಗೆ, ಪಕ್ಕದ ಮನೆಯವರ ಮಿಕ್ಸಿಯನ್ನು ರಿಪೇರಿಗೆ, ಎಲ್ಲವನ್ನೂ ಅವಳೇ ಓಡಿಸಿಕೊಂಡು ಹೋಗತೊಡಗಿದಳು. ವಸಿಷ್ಠರು ಹಿಂದಿನ ಸೀಟಿನಲ್ಲಿ ಪೇಪರ್ ಬಿಡಿಸಿಕೊಂಡು, "ಎಷ್ಟು ಆರಾಮ ಕಣೇ, ಇಷ್ಟು ವರ್ಷ ನಂಗೆ ಗೊತ್ತೇ ಇರ್ಲಿಲ್ಲ" ಎಂದಾಗ ಮಾತ್ರ ಅವಳಿಗೆ ಎಲ್ಲೋ ಏನೋ ತಪ್ಪಾದಂತೆ ಅನ್ನಿಸಿತು. ಆದರೂ ಕೀ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಒಂದು ಬೆಳಿಗ್ಗೆ ಮೂವರೂ ಒಂದು ಮದುವೆಗೆ ಹೊರಟಿದ್ದಾಗ, ಪೆಟ್ರೋಲ್ ಮುಗಿಯುತ್ತ ಬಂದಿತ್ತೆಂದು ಶುಭಾ ಅದೇ ಬಂಕಿಗೆ ತಿರುಗಿಸಿದಳು. ಒಗೆದು ಇಸ್ತ್ರಿ ಮಾಡಿ, ಗುಂಡಿ ಹೊಲಿದು ಹಿಂದಿರುಗಿಸಿದ್ದ ಅದೇ ಅಂಗಿ ತೊಟ್ಟು ಹನಮಂತ ಓಡಿ ಬಂದ.

"ಝೀರೋ ನೋಡ್ರಿ ಅಕ್ಕಾರ."

ಶುಭಾ ಕಾರಿನಿಂದಿಳಿದು, ಕನ್ನಡಕ ಏರಿಸಿ ಸೊನ್ನೆ ನೋಡಿದಳು. ಪೆಟ್ರೋಲ್ ಹರಿಯಿತು. ಟಕ್.

"ಆತ್ರಿ."

ಶುಭಾ ಟ್ಯಾಂಕಿನ ಬಾಯಿಯನ್ನು ನೋಡಿದಳು. ತನ್ನ ಕಾರು. ತನ್ನ ಕೀ. ತನ್ನ ಟ್ಯಾಂಕು. ಯಾಕೋ ಒಳಗೆ ಮೂಲೆಯಲ್ಲಿ ಇನ್ನೂ ಸ್ವಲ್ಪ ಜಾಗ ಇದೆಯೇನೋ ಅನ್ನಿಸಿತು. ಅವಳ ಕೈ ತಾನಾಗಿ ಹೋಗಿ ಮೇಲ್ಛಾವಣಿಯ ಅಂಚನ್ನು ಹಿಡಿಯಿತು.

"ಇನ್ನೊಂಚೂರು ಹಾಕಪ್ಪ. ಅತ್ತೆ, ರೆಡಿ? ರೀ, ಪೇಪರ್ ಇಡಿ, ಇಳೀರಿ. ಕುಲುಕಿದರೆ ಇನ್ನೂ ಹಿಡಿಯುತ್ತೆ."

ವಸಿಷ್ಠರು ಪೇಪರಿನ ಹಿಂದೆ ಇನ್ನಷ್ಟು ಒಳಗೆ ಸರಿದರು. ಹನಮಂತ ಪೈಪನ್ನು ಎತ್ತಲಿಲ್ಲ, ಇಳಿಸಲೂ ಇಲ್ಲ. ಶುಭಾಳ ರೇಷ್ಮೆ ಸೀರೆಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದ.

"ಹಾಕ್ತೀನ್ರಿ ಅಕ್ಕಾರ," ಎಂದ ವಿನಯದಿಂದ. "ಆದ್ರ ಮೊದಲ ಹೇಳಿಬಿಡ್ರಿ, ಈ ಸಲ ಅಂಗಿ ಯಾರ ಅಳತಿದು ತರ್ಲಿ?"

ಶುಭಾ ಮೇಲ್ಛಾವಣಿಯಿಂದ ಕೈ ತೆಗೆದು, ತಾನೇ ಮುಚ್ಚಳ ಹಾಕಿ ತಿರುಗಿಸಿದಳು.